ಇಟಲಿಯ ಆಟಗಾರನಿಗೆ ಸಿಂದಗಿಯ ಫ್ಲೆಕ್ಸ್

ಗೆಳೆಯರೇ, ನಮ್ಮ ಮೆಚ್ಚಿನ ಇಟಲಿಯ ಫುಟ್‌ಬಾಲ್ ಮಿಡ್‌ಫೀಲ್ಡರ್ ಆಟದಿಂದ ನಿವೃತ್ತನಾದನೆಂದು ಇಂದು ಸಿಂದಗಿ ಬಸ್ ನಿಲ್ದಾಣದೆದುರು ಫ್ಲೆಕ್ಸ್ ಕಟ್ಟಿದೆವು. ಕಟ್ಟಿ ನೋಡಿದರೆ ಅವನ ನಗುಮುಖದ ಎರಡೂ ಬದಿಗೆ ದೀಪ, ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’!

ಫ್ಲೆಕ್ಸ್ ಅಂಗಡಿಯವನಿಗೆ ಫೋನ್ ಮಾಡಿ ಬೈದೆ.

“ಹುಟ್ಟುಹಬ್ಬಾನೂ ಅಲ್ಲ, ಇಲೆಕ್ಷನ್ನೂ ಅಲ್ಲ ಅಂದ್ರಿ. ಮತ್ತ ಉಳಿದಿದ್ದು ಅದೊಂದ ಅಲ್ರಿ?” ಎಂದ.

ಕಿತ್ತುಹಾಕಲು ಹೋದೆ. ಮೆಹಬೂಬ್ ಕೈ ಹಿಡಿದ. ಒಂದು ಕಾಲಕ್ಕೆ ಅವನೇ ನಮ್ಮ ತಂಡದ ಮಿಡ್‌ಫೀಲ್ಡರ್. ಇಪ್ಪತ್ತೆರಡನೇ ವಯಸ್ಸಿಗೇ ಮೊಣಕಾಲು ಹೋಯಿತು. ಈಗ ಟಂಟಂ ಆಟೊ ಓಡಿಸುತ್ತಾನೆ.

“ಇರ್ಲಿ ಬಿಡೋ, ಬರೋಬ್ಬರಿ ಐತಿ. ಆಟ ಬಿಟ್ಟ ಮ್ಯಾಲ ಏನಾಕ್ಕೈತಿ ಅಂತ ನನಗ ಗೊತ್ತೈತಿ.”

ಫ್ಲೆಕ್ಸ್ ಅಲ್ಲೇ ಇದೆ. ಸಂಜೆ ಯಾರೋ ಹಾರವನ್ನೂ ಹಾಕಿದ್ದಾರೆ. ಮೆಹಬೂಬ್ ಆಟ ಬಿಟ್ಟಾಗ ನಾವು ಬೇರೆ ಮಿಡ್‌ಫೀಲ್ಡರನನ್ನು ಹುಡುಕಿಕೊಂಡಿದ್ದೆವು, ಅಷ್ಟೇ.