ಎಷ್ಟು ಒತ್ತಬೇಕು ಅಂತ ಹೇಳುವವರು ಯಾರು?

ಗೆಳತಿಯರೇ, ಇವತ್ತು ಇಳಕಲ್ಲಿನ ನಮ್ಮ ಮನೆಯಲ್ಲಿ ಜಗಳವೇ ಆಯಿತು. ನನಗೆ ಫೈಬ್ರೊಮಯಾಲ್ಜಿಯಾ, ಮೈಯೆಲ್ಲ ನೋವು, ಎಕ್ಸ್‌ರೇಯಲ್ಲಿ ಏನೂ ಕಾಣದು. ಬಾಗಲಕೋಟೆಯ ವೈದ್ಯೆ ಕಲಿಸಿದಂತೆ ಬೆನ್ನಿಗೂ ಗೋಡೆಗೂ ನಡುವೆ ಮೆತ್ತನೆಯ ಚೆಂಡಿಟ್ಟು, ಮೊಣಕಾಲು ಮಡಿಸುತ್ತ ಮೆಲ್ಲಗೆ ಉರುಳಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ, ಬೆನ್ನು ತಿಕ್ಕುವ ನೀಲವ್ವನನ್ನು ಕರೆತಂದರು. ಹಿಂದೊಮ್ಮೆ ಆಕೆ ತಿಕ್ಕಿದ ಮೇಲೆ ನನಗೆ ಕೈ ಎತ್ತಲೂ ಆಗಿರಲಿಲ್ಲ.

“ಬ್ಯಾಡ್ರಿ,” ಎಂದೆ.

“ಗ್ವಾಡಿಗೆ ಮೈ ತಿಕ್ಕೋದು ಎಮ್ಮಿ! ಸುಮ್ಮನ ಬೋರಲ ಮಲಕೋ,” ಎಂದು ಅತ್ತೆ ರಟ್ಟೆ ಹಿಡಿದರು.

ಬಿಡಿಸಿಕೊಂಡೆ. “ನೋವು ನಂದೈತ್ರಿ ಅತ್ತಿ. ಎಷ್ಟು ಒತ್ತಬೇಕಂತ ನಾನ ಹೇಳ್ತೇನಿ.”

ನೀಲವ್ವ ಹೊರಟುಹೋದಳು.

ಮಧ್ಯಾಹ್ನ ನೋಡಿದರೆ, ನಾನು ಒರಗುವ ಗೋಡೆಯಲ್ಲಿದ್ದ ದೇವರ ಕ್ಯಾಲೆಂಡರನ್ನು ಅತ್ತೆ ಬೇರೆಡೆ ತೂಗುಹಾಕಿದ್ದರು. “ದೇವರಿಗೆ ಬೆವರು ಹತ್ತತೈತಿ,” ಎಂದರು.

ನಮ್ಮ ಮನೆಯಲ್ಲಿ ಒಪ್ಪಿಗೆ ಸಿಗುವುದು ಹೀಗೆ.