ಹಿಂದಿನ ಕೋಣೆಗೆ ಎಳೆದ ವಯರ್

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತಳಾದವಳು. ಈ ಒಂದೇ ಕಾರಣಕ್ಕೆ ಮಿಕ್ಸಿ ಕೆಟ್ಟರೂ, ಇನ್ವರ್ಟರ್ ಕೂಗಿಕೊಂಡರೂ ಮನೆಯವರು ನನ್ನನ್ನೇ ಕರೆಯುತ್ತಾರೆ. ಹಾಗಾಗಿ ಮನೆಗೆಲ್ಲ ಸಿಗುವಂಥ ವೈಫೈ ಯಾವುದು ಹಾಕಿಸಬೇಕು ಎಂಬ ಮಾತು ಬಂದಾಗ ತಮ್ಮ, ತನ್ನ ಹೋಟೆಲಿಗೆ ಹೊರಡುತ್ತಾ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ, ಅಕ್ಕನೇ ನೋಡಲಿ ಎಂದುಬಿಟ್ಟ. ನನಗೆ ಖುಷಿಯೇ ಆಯಿತು. ನೋಡಲು ಹೇಳಿದವನು ನೋಡಿದವಳ ಮಾತನ್ನು ಕೇಳಿಯಾನು ಎಂದುಕೊಂಡಿದ್ದೆ.

ಕಾವೂರಿನ ಕೆರೆಯಿಂದ ಸ್ವಲ್ಪ ಮೇಲೆ ನಮ್ಮ ಮನೆ. ಅದು ಅಮ್ಮನ ಕಡೆಯಿಂದ ಬಂದದ್ದು. ನಮ್ಮಲ್ಲಿ ಸಂತಾನದ ಲೆಕ್ಕ ಹೆಣ್ಣಿನ ಕಡೆಯಿಂದಲೇ. ಕೈಯಲ್ಲಿ ದುಡ್ಡಿದ್ದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಕಟ್ಟಿಸಿ ಮನೆ ಉದ್ದಕ್ಕೆ ಬೆಳೆದಿದೆ. ಮುಂದೆ ಚಾವಡಿ, ಅದರ ಮೇಲೆ ತಮ್ಮನ ಸಂಸಾರದ ಹೊಸ ಮಹಡಿ. ನಡುವೆ ದೈವದ ಕೋಣೆ. ಅದರ ಹಿಂದೆ ಅಜ್ಜಿಯ ಕಾಲದ ಕೋಣೆಗಳು. ಅಲ್ಲಿಗೆ ಹೋಗಬೇಕಾದರೆ ಅಡುಗೆಮನೆ ದಾಟಿ, ಮೇಲೆ ಛಾವಣಿಯಿಲ್ಲದ ಒಳ ಅಂಗಳವನ್ನು ಸುತ್ತಿ ಹೋಗಬೇಕು. ಗೋಡೆಗಳೆಲ್ಲ ಕೆಂಪು ಮುರಕಲ್ಲಿನವು, ಒಂದೊಂದೂ ಮೊಳದಷ್ಟು ದಪ್ಪ. ಚಾವಡಿಯ ರೂಟರ್ ಪಾಪ ಎಷ್ಟು ಒದ್ದಾಡಿದರೂ ದೈವದ ಕೋಣೆಯ ಆಚೆಗೆ ಏನೂ ಹೋಗುತ್ತಿರಲಿಲ್ಲ. ವರ್ಷಗಟ್ಟಲೆ ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ, ಏಕೆಂದರೆ ಹಿಂದಿನ ಕೋಣೆಗಳಲ್ಲಿ ಹಳೆಯ ಪಾತ್ರೆಗಳು ಬಿಟ್ಟರೆ ಯಾರೂ ಇರಲಿಲ್ಲ.

ಈಗ ಅಲ್ಲಿ ತಂಗಿ ಇದ್ದಳು. ನಮ್ಮೆಲ್ಲರಿಗಿಂತ ತುಂಬ ಚಿಕ್ಕವಳು. ಗಲ್ಫಿನಲ್ಲಿ ಗಂಡನ ಜೊತೆ ಇದ್ದವಳು ಬೇಸಿಗೆಯಲ್ಲಿ ಒಬ್ಬಳೇ ಬಂದಳು. ಆತ ಅವಳಿಗೆ ಹೊಡೆಯುತ್ತಿದ್ದ. ಎಷ್ಟು ಕಾಲದಿಂದ ಎಂದು ಕೇಳಿದರೆ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಮೂರನೇ ಕ್ಲಾಸಿನ ಮಗಳು ಅಲ್ಲೇ ಉಳಿದಳು, ಏಕೆಂದರೆ ಮಗುವಿನ ಪಾಸ್‌ಪೋರ್ಟ್ ಅಪ್ಪನ ಕಪಾಟಿನಲ್ಲಿತ್ತು. ವಕೀಲರು ದಾರಿ ಹುಡುಕುತ್ತಿದ್ದರು. ಅಲ್ಲಿಯವರೆಗೆ ಗಂಡ ಒಪ್ಪಿದ್ದು ಇಷ್ಟೇ: ಪ್ರತಿ ಭಾನುವಾರ ಮಧ್ಯಾಹ್ನ ಮಗು ವೀಡಿಯೋದಲ್ಲಿ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಬಹುದು. ಕರೆ ಅವನ ಕಡೆಯಿಂದ ಬರಬೇಕು. ನಡುವೆ ಕಟ್ಟಾದರೆ ಆ ವಾರಕ್ಕೆ ಮುಗಿಯಿತು. ತಿರುಗಿ ಮಾಡಿದರೆ ಆತ ತೆಗೆಯುತ್ತಿರಲಿಲ್ಲ.

ಕಟ್ಟಾಗದ ವಾರ ಎಂದರೆ ಅಪರೂಪ. ಹಿಂದಿನ ಕೋಣೆಯಲ್ಲಿ ಮಗುವಿನ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು, ಮಾತು ಅರ್ಧದಲ್ಲಿ ನುಂಗಿಹೋಗುತ್ತಿತ್ತು, ಆಮೇಲೆ ಪರದೆಯ ಮೇಲೆ ಆ ಹಾಳು ಚಕ್ರ ತಿರುಗತೊಡಗುತ್ತಿತ್ತು. ಮೊಬೈಲಿನ ಡೇಟಾ ಹೊರಗಿನ ಅಂಗಳಕ್ಕೆ ಬಂದರೆ ಸಿಗುತ್ತಿತ್ತು. ಆದರೆ ಮಳೆಯಲ್ಲಿ ಕೊಡೆ ಹಿಡಿದುಕೊಂಡು, ಕಂಪೌಂಡಿನ ಆಚೆಯವರು ಕಿವಿ ಕೊಟ್ಟು ನಿಂತಿರುವಾಗ, ತಾಯಿ ಮಗಳು ಏನು ಮಾತಾಡುತ್ತಾರೆ? ಚಾವಡಿಯಲ್ಲಿ ಕೂರಿಸಿ ನೋಡಿದೆವು. ಅಲ್ಲಿ ಸಿಗ್ನಲ್ ಚೆನ್ನಾಗಿತ್ತು. ಆದರೆ ಹೋಗುವವರು ಬರುವವರೆಲ್ಲ ಬಗ್ಗಿ ಮಗುವಿಗೆ ಕೈ ಬೀಸಿ, ಊಟ ಆಯಿತಾ, ಪಪ್ಪ ಹೇಗಿದ್ದಾರೆ ಎಂದು ಕೇಳಿ ಕೇಳಿ ಅದು ತುಟಿ ಹೊಲಿದುಕೊಂಡು ಕೂತುಬಿಟ್ಟಿತು. ಅದಾದ ಮೇಲೆ ಒಂದು ಭಾನುವಾರ ಕರೆಯೇ ಬರಲಿಲ್ಲ. ಮಗುವಿಗೆ ಇಷ್ಟವಿಲ್ಲವಂತೆ ಎಂದು ಆತ ಒಂದು ಸಾಲು ಬರೆದು ಕಳಿಸಿದ. ತಂಗಿ ಅಂದು ಊಟ ಮಾಡಲಿಲ್ಲ. ಮಗು ತನ್ನನ್ನು ಮರೆಯುತ್ತಿದೆ ಎಂಬ ಹೆದರಿಕೆ ಅವಳಲ್ಲಿ ಕೂತುಬಿಟ್ಟಿತ್ತು. ಅದು ಸುಳ್ಳು ಹೆದರಿಕೆ ಎಂದು ಹೇಳಲು ನನಗೂ ಬಾಯಿ ಬರಲಿಲ್ಲ.

ಹಾಗಾಗಿ ನಾನು ಈ ಕೆಲಸವನ್ನು ಹಟ ಹಿಡಿದು ಮಾಡಿದೆ. ಅಂಗಡಿಗಳಿಗೆ ಹೋದೆ. ನಾಲ್ಕು ಕೊಂಬಿನ ರೂಟರ್, ಎಂಟು ಕೊಂಬಿನ ರೂಟರ್ ಎಂದು ಹೊಸ ಮೀನಿನಂತೆ ಎತ್ತಿ ತೋರಿಸಿದರು. ಕೊಂಬು ಎಷ್ಟಿದ್ದರೇನು, ಮುರಕಲ್ಲು ಅದಕ್ಕೆ ಹೆದರುವುದಿಲ್ಲ. ಕೊನೆಗೆ ಮನೆಗೇ ಬಂದು ನೋಡಿದ ತಂತ್ರಜ್ಞ ಹೇಳಿದ್ದೂ ನಾನು ಅಂದುಕೊಂಡದ್ದೂ ಒಂದೇ ಆಯಿತು. ಮನೆಗೆ ಮೆಶ್ ಹಾಕಬೇಕು, ಅಂದರೆ ಒಂದೇ ದೊಡ್ಡ ಪೆಟ್ಟಿಗೆಯ ಬದಲು ಜಾಗಜಾಗದಲ್ಲಿ ಸಣ್ಣ ಪೆಟ್ಟಿಗೆಗಳು. ಆದರೆ ಹಿಂದಿನ ಪೆಟ್ಟಿಗೆಗೆ ಮಾತ್ರ ವಯರ್ ಎಳೆಯಲೇಬೇಕು, ಗಾಳಿಯಲ್ಲಿ ಆಗುವ ಕೆಲಸ ಅದಲ್ಲ. ಒಳ ಅಂಗಳದ ಮೂಲಕ ಬಯಲಲ್ಲಿ ಎಳೆದರೆ ಮಳೆಗಾಲದ ಕೊನೆಯ ಸಿಡಿಲಿಗೆ ಸುಟ್ಟುಹೋಗುತ್ತದೆ. ಹಾಗೆ ಎಳೆದ ಕೇಬಲಿನಿಂದ ಹಿಂದೆ ನಮ್ಮ ಟೀವಿಯೇ ಹೋಗಿತ್ತು. ಉಳಿದ ದಾರಿ ಒಂದೇ, ದೈವದ ಕೋಣೆಯ ಒಳಗಿನಿಂದ.

ಆ ಕೋಣೆಯಲ್ಲಿ ದೈವದ ಮಂಚ ಉಂಟು, ಮುಖವಾಡದಂಥ ಮೊಗ ಉಂಟು, ಖಡ್ಗ ಉಂಟು. ದಿನಾ ದೀಪ, ಸಂಕ್ರಮಣಕ್ಕೆ ಹೂವು. ಮನೆಯಲ್ಲಿ ಏನೇ ಹೊಸತು ಮಾಡುವುದಿದ್ದರೂ ಯಜಮಾನನಾದವನು ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಅರಿಕೆ ಮಾಡಬೇಕು. ಯಜಮಾನ ನನ್ನ ತಮ್ಮ. ಅವನು ಒಂದೇ ಮಾತಿನಲ್ಲಿ ಆಗದು ಎಂದ. ದೈವದ ಗೋಡೆಗೆ ಕೈ ಹಾಕುವುದಿದ್ದರೆ ದೈವ ಮೈಮೇಲೆ ಬಂದು ನುಡಿಯುವ ವರ್ಷಾವಧಿ ನೇಮದಲ್ಲಿ ಕುಟುಂಬದವರೆಲ್ಲ ಸೇರಿದಾಗ ಕೇಳಿಯೇ ಆಗಬೇಕಂತೆ. ನೇಮಕ್ಕೆ ಇನ್ನೂ ತಿಂಗಳುಗಳಿದ್ದವು. ಅದರ ಬದಲಿಗೆ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ರಿಪೀಟರೊಂದನ್ನು ತಂದುಕೊಟ್ಟ. ಇದ್ದ ಸಿಗ್ನಲನ್ನು ಹಿಡಿದು ಮುಂದಕ್ಕೆ ದಾಟಿಸುವ ವಸ್ತು ಅದು. ಹಿಡಿಯಲು ಸಿಗ್ನಲೇ ಇಲ್ಲದ ಕಡೆ ಅದು ಏನನ್ನು ದಾಟಿಸೀತು? ಮುಂದಿನ ಭಾನುವಾರ ಮಗು "ಮಮ್ಮಿ" ಎನ್ನುವಷ್ಟರಲ್ಲಿ ಚಕ್ರ ತಿರುಗಿತು.

ಅಂದು ಸಂಜೆ ನನಗೆ ಸಿಟ್ಟು ನೆತ್ತಿಗೇರಿತ್ತು. ತಮ್ಮ ಚಾ ಕುಡಿಯುತ್ತಿದ್ದ. ಅವನ ಕೈಹಿಡಿದು ಎಬ್ಬಿಸಿ ದೈವದ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದೆ. ಒಳಗೆ ಬಲ್ಬು ಉರಿಯುತ್ತಿತ್ತು. ಅಪ್ಪ ಇದ್ದಾಗ ಹಾಕಿಸಿದ ಬಲ್ಬು. ಅದರ ವಯರು ಒಂದು ಗೋಡೆ ತೂತು ಮಾಡಿ ಒಳಗೆ ಬಂದು, ಇನ್ನೊಂದು ಗೋಡೆ ತೂತು ಮಾಡಿ ಹಿಂದಿನ ಕೋಣೆಗಳಿಗೆ ಹೋಗುತ್ತದೆ. ಈ ವಯರಿನ ಕೆಳಗೇ ನಿಂತು ಚಿಕ್ಕಂದಿನಿಂದ ಕೈಮುಗಿದವರು ನಾವು.

"ಇದು ಯಾವ ನೇಮದಲ್ಲಿ ಕೇಳಿ ಹಾಕಿದ್ದು ಮಾರಾಯ?" ಎಂದೆ.

ಅವನು ಬಲ್ಬನ್ನೇ ನೋಡಿದ. ಆಮೇಲೆ ಸಣ್ಣ ಸ್ವರದಲ್ಲಿ, ತಂಗಿಗೆ ಕೇಳಿಸಬಾರದು ಎಂಬಂತೆ, ಒಳಗಿನದನ್ನು ಹೊರಗೆ ಹಾಕಿದ.

"ದೈವದ ವಿಷಯ ಅಲ್ಲ ಅಕ್ಕ. ವಯರ್ ಎಳೆದು ಪರ್ಮನೆಂಟ್ ಮಾಡಿಕೊಟ್ರೆ ಅವಳು ಗಲ್ಫಿಗೆ ವಾಪಸು ಹೋಗುವುದು ಯಾವಾಗ? ಮಗು ಅಲ್ಲಿ ಉಂಟು. ಇಲ್ಲಿ ಕೂತಲ್ಲೇ ಮುಖ ಕಂಡ್ರೆ ಅವಳಿಗೆ ಮತ್ತೆ ಹೋಗ್ಲಿಕ್ಕೆ ಎಂತ ಉಂಟು?"

ಮಗುವಿನ ಮುಖ ಸರಿಯಾಗಿ ಕಾಣದಿದ್ದರೆ ಆ ಸಂಕಟಕ್ಕಾದರೂ ಅವಳು ಗಂಡನ ಮನೆಗೆ ಮರಳಿಯಾಳು ಎಂದು ಇವನು ಲೆಕ್ಕ ಹಾಕಿದ್ದ. ಕೆಟ್ಟವನಲ್ಲ ನನ್ನ ತಮ್ಮ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನು, ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನು. ಅವಳು ಇಲ್ಲೇ ಉಳಿದರೆ ಮಗು ಕೈತಪ್ಪುತ್ತದೆ ಎಂದು ನಿಜವಾಗಿಯೂ ಹೆದರಿದ್ದ. ಅದಕ್ಕೇ ನನಗೆ ಹೆಚ್ಚು ಬೇಸರವಾಯಿತು. ಅವಳ ಬೆನ್ನಿನ ಮೇಲಿನ ಕಲೆಗಳನ್ನು ಕಂಡವಳು ನಾನು, ಅವನು ಕಂಡಿರಲಿಲ್ಲ. ಕಂಡದ್ದನ್ನು ಅಂದು ಅಲ್ಲೇ ಹೇಳಿದೆ. ಅವನು ಸ್ಕೂಟರ್ ತೆಗೆದುಕೊಂಡು ಎಲ್ಲಿಗೋ ಹೋದ.

ಮರುದಿನ ತಂತ್ರಜ್ಞನನ್ನು ಕರೆಸಿದೆ. ಆತನೂ ತುಳುವನೇ. ದೈವದ ಬಾಗಿಲಲ್ಲಿ ಚಪ್ಪಲಿ ಕಳಚಿ ನಿಂತು, ಯಜಮಾನರು ಎಲ್ಲಿ ಎಂದು ಕೇಳಿದ. ನಾನು ಮಿಂದು ದೀಪ ಹಚ್ಚಿ ಬಂದಿದ್ದೆ. ಹೆಂಗಸರು ಅರಿಕೆ ಮಾಡುವ ಕ್ರಮ ನಮ್ಮಲ್ಲಿ ಇಲ್ಲ. ಆದರೂ ಅವನು ನೋಡುತ್ತಿರುವಂತೆಯೇ ದೈವಕ್ಕೆ ಕೈಮುಗಿದು, ತಮ್ಮ ಹೇಳುತ್ತಿದ್ದ ಧಾಟಿಯಲ್ಲಿಯೇ ಗಟ್ಟಿಯಾಗಿ ಹೇಳಿದೆ: ಬಲ್ಬಿಗೆ ಬಿಟ್ಟ ದಾರಿಯಲ್ಲೇ ಇನ್ನೊಂದು ವಯರು ಹೋಗುತ್ತದೆ, ಮನೆಯ ಹೆಣ್ಣುಮಗಳು ತನ್ನ ಮಗುವಿನ ಮುಖ ನೋಡಬೇಕು, ತಪ್ಪಿದ್ದರೆ ನನ್ನ ತಲೆಗೆ ಬರಲಿ. ಸ್ವರ ನಡುಗಿತು. ನಡುಗಿದ್ದು ದೈವದ ಹೆದರಿಕೆಗೋ ತಮ್ಮನ ಹೆದರಿಕೆಗೋ ನನಗೆ ಈಗಲೂ ಸ್ಪಷ್ಟವಿಲ್ಲ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ರಾತ್ರಿ ತಮ್ಮ ಹೊಸ ವಯರನ್ನು ನೋಡಿ, ಊಟ ಮುಗಿಸಿ ಮಹಡಿಗೆ ಹತ್ತಿಹೋದ.

ಭಾನುವಾರ ತಂಗಿ ಬೆಳಿಗ್ಗೆಯಿಂದ ಕೋಣೆ ಗುಡಿಸಿ ಒರೆಸಿದಳು. ತಲೆ ಬಾಚಿ ಹೂ ಮುಡಿದುಕೊಂಡಳು. ಜೊತೆಗಿರು ಎಂದಳು, ಹಾಗಾಗಿ ಮಗುವಿಗೆ ಕಾಣದಂತೆ ಬಾಗಿಲ ಹತ್ತಿರ ಕೂತೆ. ಕರೆ ಬಂತು. ಮಗುವಿನ ಮುಖ ನೀರಿನಷ್ಟು ತಿಳಿಯಾಗಿ ಕಂಡಿತು. ಮುಂದಿನ ಹಲ್ಲೊಂದು ಬಿದ್ದಿತ್ತು. ಅದು ಬಿದ್ದದ್ದು ತಂಗಿಗೆ ಗೊತ್ತೇ ಇರಲಿಲ್ಲ. ನಗುತ್ತಾ ಅಳುತ್ತಾ ಅದನ್ನೇ ಕೇಳಿದಳು. ಮಗು ಹಲ್ಲಿನ ಕಥೆ ಹೇಳಿತು, ಶಾಲೆಯ ಕಥೆ ಹೇಳಿತು. ಆಮೇಲೆ ಮಗು ಪರದೆಯ ಹತ್ತಿರಕ್ಕೆ ಬಂದು, ಅಮ್ಮನ ಹಿಂದೆ ಏನೇನಿದೆ ಎಂದು ನೋಡತೊಡಗಿತು. ಇಷ್ಟು ದಿನ ಅದಕ್ಕೆ ಅಮ್ಮನ ಹಿಂದೆ ಮಸುಕು ಬಿಟ್ಟರೆ ಏನೂ ಕಂಡಿರಲಿಲ್ಲ.

"ಮಮ್ಮಿ, ಸೂಟ್‌ಕೇಸ್ ಎಲ್ಲಿ?"

ತಂಗಿ ತಿರುಗಿ ನೋಡಿದಳು. ಕಪಾಟಿನ ಬಾಗಿಲು ತೆರೆದಿತ್ತು. ಸೀರೆಗಳು, ಚೂಡಿದಾರಗಳು ಮಡಚಿ ಸಾಲಾಗಿ ಇಟ್ಟಿದ್ದವು.

"ಅಟ್ಟದಲ್ಲಿ ಉಂಟು," ಎಂದಳು.

"ಎಲ್ಲ ತೆಗೆದು ಇಟ್ರಾ?" ಮಗು ಕಪಾಟನ್ನೇ ನೋಡಿತು. "ಹಾಗಾದ್ರೆ ಬರುವುದಿಲ್ವಾ?"

ತಂಗಿ ನನ್ನತ್ತ ನೋಡಿದಳು. ಈ ಪ್ರಶ್ನೆ ಹೊಸದಲ್ಲ ಎಂದು ಅವಳ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಎಷ್ಟೋ ವಾರ ಬಂದಿತ್ತು, ಬಂದಾಗಲೆಲ್ಲ ನಡುವೆ ನುಂಗಿಹೋಗಿತ್ತು. ಕೇಳಿಸಲಿಲ್ಲ ಮಗಾ, ನೆಟ್ ಇಲ್ಲ ಎಂದು ಎಷ್ಟು ಸಲ ಅಂದಿದ್ದಳೋ. ಅಂದು ಹಾಗೆ ಅನ್ನುವಂತಿರಲಿಲ್ಲ. ನಾನು ನಿಂತು ಎಳೆಸಿದ ವಯರು ಒಂದು ಅಕ್ಷರವನ್ನೂ ಬಿಡದೆ ದಾಟಿಸುತ್ತಿತ್ತು. ಒಮ್ಮೆ ಕಟ್ಟಾಗಲಿ ದೇವರೇ ಎಂದು ನಾನೇ ಮನಸ್ಸಿನಲ್ಲಿ ಬೇಡಿಕೊಂಡೆ.

"ಆ ಮನೆಗೆ ಬರುವುದಿಲ್ಲ ಮಗಾ," ಎಂದಳು ತಂಗಿ. "ನಿನ್ನನ್ನು ಇಲ್ಲಿಗೆ ಕರ್ಕೊಳ್ತೇನೆ."

ಮಗು ಅಳಲಿಲ್ಲ. ಕೆಳತುಟಿಯನ್ನು ಹಲ್ಲು ಬಿದ್ದ ಸಂದಿನೊಳಕ್ಕೆ ಎಳೆದುಕೊಂಡು ಅಮ್ಮನನ್ನೇ ನೋಡುತ್ತಾ ಕೂತಿತು. ಅರ್ಧ ಗಂಟೆ ಮುಗಿಯಲು ಇನ್ನೂ ತುಂಬ ಹೊತ್ತಿತ್ತು. ಕರೆ ಕಡಿಯುವ ಕೆಂಪು ಗುಂಡಿ ಒತ್ತಿದರೆ ಆ ವಾರಕ್ಕೆ ಮುಗಿಯುತ್ತಿತ್ತು. ತಾಯಿಯೂ ಒತ್ತಲಿಲ್ಲ, ಮಗುವೂ ಒತ್ತಲಿಲ್ಲ.