ಕಂಪಾಸಿನ ಹಿಂದೆ ಕತ್ತಿ

ಸಮುದ್ರದ ನಡುವೆ ಮೀನುಗಾರನಿಗೇ ದಾರಿ ಹೇಳಿಕೊಡುವ ಮೇಷ್ಟ್ರನ್ನು ನೀವು ಕಂಡಿದ್ದೀರಾ? ಕಳೆದ ಭಾನುವಾರ ಆ ಮಹಾನುಭಾವ ನಾನೇ ಆಗಿದ್ದೆ.

ಮಲ್ಪೆಯ ಸಂಜೀವ ನನ್ನ ಗೆಳೆಯ. ಈ ವರ್ಷ ಮೆಶಿನ್ ಬೋಟು ಮಾಡಿಸಿದ್ದಾನೆ. ಶನಿವಾರ ಅದಕ್ಕೊಂದು ಕಂಪಾಸು ಕೂರಿಸಿದ. (ಅವನ ಅಪ್ಪನಿಗೆ ಬೇಕಾಗಿರಲಿಲ್ಲ. ಆದರೆ ಅಪ್ಪನ ದೋಣಿ ಇಷ್ಟು ದೂರ ಹೋಗುತ್ತಲೂ ಇರಲಿಲ್ಲ.) "ನೀವು ಸೈನ್ಸ್ ಮಾಸ್ಟ್ರಲ್ವಾ, ಬಂದು ನೋಡಿ" ಎಂದು ಕರೆದ. ಹನ್ನೆರಡು ವರ್ಷದಿಂದ ಅಯಸ್ಕಾಂತದ ಪಾಠ ಮಾಡುತ್ತಿರುವವನಿಗೆ ಇದಕ್ಕಿಂತ ಮರ್ಯಾದೆ ಬೇಕೇ? ಹೊರಟೆ.

ಹೋಗುವಾಗ ಬಿಸಿಲಿತ್ತು, ದಡ ಕಾಣುತ್ತಿತ್ತು. ಕಂಪಾಸಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಬರುವಾಗ ಮಳೆ ಕವಿಯಿತು. ಸೂರ್ಯನೂ ಇಲ್ಲ, ದಡವೂ ಇಲ್ಲ.

ಮಲ್ಪೆಯಿಂದ ನೈರುತ್ಯಕ್ಕೆ ಬಂದಿದ್ದೆವು. ನಾನು ಸೂಜಿ ನೋಡಿ, "ಈಶಾನ್ಯಕ್ಕೆ ತಿರುಗಿಸು" ಎಂದು ಕೈ ತೋರಿಸಿದೆ.

"ಅಲೆ ಬೇರೆ ಬದಿಯಿಂದ ಹೊಡೆಯುತ್ತಾ ಉಂಟು ಮಾಸ್ಟ್ರೆ. ಇದು ಮಲ್ಪೆಯ ದಾರಿ ಅಲ್ಲ."

"ಅಲೆ ಬದಲಾದೀತು ಮಾರಾಯ. ಸೂಜಿ ಬದಲಾಗುವುದುಂಟಾ?"

ಪಾಪ, ಓದಿದವನ ಮಾತೆಂದು ಕೇಳಿದ. ಅರ್ಧ ಗಂಟೆಯಲ್ಲಿ ಮಳೆ ತೆಳುವಾಯಿತು. ಎದುರಿಗೆ ಏನು? ಮಲ್ಪೆಯಿಂದ ಎಷ್ಟೋ ದಕ್ಷಿಣಕ್ಕಿರುವ ಕಾಪುವಿನ ದೀಪಸ್ತಂಭ! ಅದರ ಬುಡದ ಕಪ್ಪು ಬಂಡೆಗಳ ಮೇಲೆ ಅಲೆ ಒಡೆಯುತ್ತಿತ್ತು. ಸಂಜೀವ ನನ್ನನ್ನು ಕೇಳಲಿಲ್ಲ. ಚುಕ್ಕಾಣಿ ಎಳೆದು ಬೋಟು ತಿರುಗಿಸಿದ. ನಾನು ಹೆದರಿ ಬೋಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ದಡ ಹಿಡಿದು ಉತ್ತರಕ್ಕೆ ಹೊರಟೆವು. ಸೂಜಿ ಮಾತ್ರ ಇನ್ನೂ ಬೇರೆ ಕಡೆಯನ್ನೇ ಉತ್ತರ ಎನ್ನುತ್ತಿತ್ತು. ಯಾಕೆ? ಕಂಪಾಸಿನ ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ಕೆಂಪು ಬಟ್ಟೆಯ ಗಂಟು ಸಿಕ್ಕಿತು. ಒಳಗೊಂದು ಕತ್ತಿ.

"ಅಯ್ಯೋ, ಅದು ಅಮ್ಮ ಇಟ್ಟದ್ದು!" ಎಂದ ಸಂಜೀವ. ಹೊಸ ಕಂಪಾಸಿಗೆ ಯಾರ ದೃಷ್ಟಿಯೂ ತಾಗಬಾರದೆಂದು ಬೆಳಿಗ್ಗೆಯೇ ಬಂದು ಇಟ್ಟಿದ್ದರಂತೆ. ಮಗುವಿನ ತೊಟ್ಟಿಲಲ್ಲಿ ಕಬ್ಬಿಣ ಇಡುವುದಿಲ್ಲವೇ, ಹಾಗೆ.

ಕತ್ತಿ ದೂರ ಒಯ್ದೆ. ಸೂಜಿ ತಿರುಗಿ ಉತ್ತರಕ್ಕೆ ನಿಂತಿತು. ಹತ್ತಿರ ತಂದೆ. ಮತ್ತೆ ವಾಲಿತು! ಇಡೀ ಭೂಮಿಯೇ ಒಂದು ಅಯಸ್ಕಾಂತ ಎಂದು ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸವೆದಿದೆ. ಅಷ್ಟು ದೊಡ್ಡ ಭೂಮಿ ಪಕ್ಕದಲ್ಲಿದ್ದ ಒಂದು ಗೇಣು ಕಬ್ಬಿಣದ ಮುಂದೆ ಸೋತಿತ್ತು. ಹೆದರಿಕೆ ಮರೆತು ನಾಲ್ಕು ಸಲ ಮಾಡಿ ನೋಡಿದೆ.

"ಸಾಕು ಮಾರಾಯ್ರೆ, ಮನೆಗೆ ಹೋಗುವ" ಎಂದ ಸಂಜೀವ.

ದಡದಲ್ಲಿ ಅವನ ತಾಯಿ ಗಿರಿಜಕ್ಕ ಕಾಯುತ್ತಿದ್ದರು. ನಾನು ಕತ್ತಿಯನ್ನು ಕೈಗೆ ಕೊಟ್ಟು, ಸೂಜಿಯ ಬಳಿ ಕಬ್ಬಿಣ ಯಾಕೆ ಇಡಬಾರದು ಎಂದು ಪೂರ್ತಿ ಪಾಠ ಒಪ್ಪಿಸಿದೆ. ಬಂಡೆಯ ಮಾತು ಬಂದಾಗ ಅವರು ಮಗನ ತೋಳು ಹಿಡಿದುಕೊಂಡರು. ಕೊನೆಯವರೆಗೂ ಕೇಳಿ ನನ್ನನ್ನೇ ನೋಡಿದರು.

"ಇಟ್ಟದ್ದು ನನ್ನ ತಪ್ಪು, ಸರಿ. ಇಷ್ಟೆಲ್ಲ ಗೊತ್ತಿದ್ದ ನೀವು ಪೆಟ್ಟಿಗೆಯ ಹಿಂದೆ ಒಮ್ಮೆ ನೋಡಬಾರದಿತ್ತಾ ಮಾಸ್ಟ್ರೆ?"